ಸಣ್ಣ ಸ್ಟೀರಿಯೊ ಆಂಪ್ಲಿಫೈಯರ್: ಊರಿನ ಪ್ರವಚನ ಮಂದಿರಕ್ಕೆ ಎಷ್ಟು ಬೇಕು, ಯಾವುದು ಬೇಕು?

ಸಂತೇಬೆನ್ನೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಲ್ಲಿನ ಪುಷ್ಕರಣಿ ಮತ್ತು ಅದರ ಪಕ್ಕದ ಮುಸಾಫಿರ್‌ಖಾನೆ. ಇಂತಹ ಕಲ್ಲಿನ ಕಟ್ಟಡದ ಒಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಆ ಸದ್ದು ತಕ್ಷಣ ಅಡಗುವುದಿಲ್ಲ. ಗೋಡೆಯಿಂದ ಗೋಡೆಗೆ ತಾಗುತ್ತ ಸ್ವಲ್ಪ ಹೊತ್ತು ಉಳಿಯುತ್ತದೆ. ನಮ್ಮ ಬಸದಿಗಳ ನವರಂಗದಲ್ಲಿಯೂ, ಗ್ರಾನೈಟ್ ನೆಲ ಮತ್ತು ನುಣುಪಾದ ಗಾರೆ ಗೋಡೆಗಳ ಹೊಸ ಸಭಾಭವನಗಳಲ್ಲಿಯೂ ಆಗುವುದು ಇದೇ.

ಸಂತೇಬೆನ್ನೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ಊರುಗಳಲ್ಲಿ ಸಮಾಜದ ಕಾರ್ಯಕ್ರಮ ಎಂದರೆ ಹೆಚ್ಚಾಗಿ ಐವತ್ತು, ಅರವತ್ತು ಜನ ಕೂಡುವ ಸಭೆ. ದಶಲಕ್ಷಣ ಪರ್ವದ ಸ್ವಾಧ್ಯಾಯ, ಮಹಾವೀರ ಜಯಂತಿಯ ಉಪನ್ಯಾಸ, ವಿಹಾರದಲ್ಲಿರುವ ತ್ಯಾಗಿಗಳು ಒಂದು ದಿನ ತಂಗಿದಾಗ ನಡೆಯುವ ಪ್ರವಚನ, ಹೀಗೆ. ಇಂತಹ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರಿಂದ ಬರುವ ಮಾತು ಒಂದೇ: "ದನಿ ಕೇಳಿಸ್ತದೆ, ಏನು ಹೇಳ್ತಿದ್ದಾರೆ ಅಂತ ತಿಳಿಯೋದಿಲ್ಲ." ಇದಕ್ಕೆ ಸಮಿತಿಯವರು ಸಾಮಾನ್ಯವಾಗಿ ಹುಡುಕುವ ಪರಿಹಾರ ಇನ್ನೂ ದೊಡ್ಡ ಆಂಪ್ಲಿಫೈಯರ್. ದಾನಿಗಳ ಹಣದಲ್ಲಿ ಹೆಚ್ಚು ವ್ಯಾಟಿನ ಪೆಟ್ಟಿಗೆ ಬರುತ್ತದೆ. ದನಿ ಏರುತ್ತದೆ, ಮಾತು ಮಾತ್ರ ಮೊದಲಿನಷ್ಟೇ ಮಸುಕಾಗಿ ಉಳಿಯುತ್ತದೆ.

ಅರವತ್ತು ಜನರ ಸಭೆಗೆ ಅಂಗೈ ಅಗಲದ ಒಂದು ಸ್ಟೀರಿಯೊ ಆಂಪ್ಲಿಫೈಯರ್ ಸಾಕು. ಆದರೆ ಅದರ ಒಳಗೆ ಏನಿದೆ, ಅದರ ಮೇಲೆ ಬರೆದ ಅಂಕಿಗಳ ಅರ್ಥವೇನು, ಅದನ್ನು ಎಲ್ಲಿ, ಹೇಗೆ ಜೋಡಿಸಬೇಕು ಎಂಬುದು ತಿಳಿದಿರಬೇಕು. ಆ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಆಂಪ್ಲಿಫೈಯರ್ ಒಳಗೆ ಏನಿರುತ್ತದೆ?

ಮೊಬೈಲ್, ಸಿ.ಡಿ. ಪ್ಲೇಯರ್ ಅಥವಾ ಮಿಕ್ಸರ್‌ನಿಂದ ಬರುವ ಸಂಕೇತ ಬಹಳ ದುರ್ಬಲವಾದದ್ದು. ಅದರ ವೋಲ್ಟೇಜ್ ಸುಮಾರು ಅರ್ಧದಿಂದ 2 ವೋಲ್ಟ್‌ವರೆಗೆ ಇರಬಹುದು, ಆದರೆ ಸ್ಪೀಕರಿನ ಕಾಗದದ ಕೋನನ್ನು ಹಿಂದೆ ಮುಂದೆ ತಳ್ಳುವಷ್ಟು ಕರೆಂಟ್ ಅದರಲ್ಲಿಲ್ಲ. ಆ ಸಂಕೇತದ ಆಕಾರವನ್ನು ಬದಲಿಸದೆ ಅದಕ್ಕೆ ಶಕ್ತಿ ತುಂಬುವುದು ಆಂಪ್ಲಿಫೈಯರಿನ ಕೆಲಸ. ಒಳಗೆ ಬಂದ ಆಕಾರ ಹೊರಗೆ ಹೋಗುವಾಗ ಎಷ್ಟು ಕೆಟ್ಟಿದೆ ಎಂಬುದನ್ನು ವಿರೂಪ ಅಥವಾ ಡಿಸ್ಟಾರ್ಷನ್ ಎನ್ನುತ್ತಾರೆ. ಮೂಲದಲ್ಲಿ ಇಲ್ಲದೆ ಸೇರಿಕೊಳ್ಳುವ ಸದ್ದು ಎರಡು ಬಗೆ: "ಸ್" ಎಂಬ ಹಿಸ್, "ಗುಂ" ಎಂಬ ಹಮ್. ಧ್ವನಿಯ ಗುಣಮಟ್ಟ ಎಂಬ ಮಾತಿನ ಬಹುಪಾಲು ಅರ್ಥ ಈ ಮೂರರಲ್ಲಿಯೇ ಇದೆ.

ಸ್ಟೀರಿಯೊ ಎಂದರೆ ಒಂದೇ ಪೆಟ್ಟಿಗೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಆಂಪ್ಲಿಫೈಯರುಗಳು. ಎರಡಕ್ಕೂ ವಿದ್ಯುತ್ ಒದಗಿಸುವ ಪವರ್ ಸಪ್ಲೈ ಸಾಮಾನ್ಯವಾಗಿ ಒಂದೇ. ಸಣ್ಣ ಪೆಟ್ಟಿಗೆಯಲ್ಲಿ ಗುಣಮಟ್ಟ ಮೊದಲು ಸೋಲುವುದು ಇಲ್ಲಿಯೇ. ಪವರ್ ಸಪ್ಲೈ ದುರ್ಬಲವಾಗಿದ್ದರೆ ಗಟ್ಟಿ ಉಚ್ಚಾರದ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ, ಸಂಕೇತದ ತುದಿಗಳು ಕತ್ತರಿಸಿ ಹೋಗುತ್ತವೆ. ಕಿವಿಗೆ ಅದು ಹರಿದ ಬಟ್ಟೆಯಂತಹ ಒರಟು ದನಿಯಾಗಿ ಕೇಳುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ.

ಕ್ಲಾಸ್ ಎಬಿ ಮತ್ತು ಕ್ಲಾಸ್ ಡಿ

ಮಾರುಕಟ್ಟೆಯಲ್ಲಿ ಸಿಗುವ ಸಣ್ಣ ಆಂಪ್ಲಿಫೈಯರುಗಳು ಮುಖ್ಯವಾಗಿ ಎರಡು ಜಾತಿಯವು.

ಕ್ಲಾಸ್ ಎಬಿ ಹಳೆಯ, ನಂಬಿಕೆಯ ವಿಧಾನ. ಸಂಕೇತದ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಟ್ರಾನ್ಸಿಸ್ಟರ್ ಹೊರುತ್ತದೆ. ಒಂದರ ಕೆಲಸ ಮುಗಿದು ಇನ್ನೊಂದರ ಕೆಲಸ ಆರಂಭವಾಗುವ ಜಾಗದಲ್ಲಿ ಸಣ್ಣ ಬಿರುಕು ಉಳಿಯದಂತೆ ಎರಡನ್ನೂ ಸದಾ ಸ್ವಲ್ಪ ಎಚ್ಚರದಲ್ಲಿ ಇಡಲಾಗುತ್ತದೆ. ಹಾಗಾಗಿ ದನಿ ಇಲ್ಲದ ಹೊತ್ತಿನಲ್ಲಿಯೂ ಅದು ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕು. ಹೆಚ್ಚಿನವಕ್ಕೆ ತೂಕದ ಟ್ರಾನ್ಸ್‌ಫಾರ್ಮರ್ ಕೂಡ ಇರುತ್ತದೆ. ಎಲ್‌ಎಂ1875, ಎಲ್‌ಎಂ3886, ಟಿಡಿಎ2030 ಮೊದಲಾದ ಐಸಿಗಳನ್ನು ಬಳಸಿದ ಪೆಟ್ಟಿಗೆಗಳು ಈ ಜಾತಿಗೆ ಸೇರಿದವು. ರೇಡಿಯೊ ರಿಪೇರಿ ಬಲ್ಲವರು ಇವನ್ನು ಬಿಚ್ಚಿ ಸರಿಪಡಿಸಬಲ್ಲರು. ಸಣ್ಣ ಊರಿನಲ್ಲಿ ಇದು ಕಡಿಮೆ ಮಾತೇನಲ್ಲ.

1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರ್ ಈ ವಿಧಾನದ್ದೇ. ಅದರ ಮೇಲೆ ಬರೆದಿದ್ದ ಅಂಕಿ ಪ್ರತಿ ಚಾನೆಲ್‌ಗೆ 20 ವ್ಯಾಟ್ ಮಾತ್ರ. ಆದರೂ ಅದು ಜಗತ್ತಿನಾದ್ಯಂತ ಹೆಸರು ಮಾಡಿತು. ಕಾರಣ, ಕ್ಷಣಮಾತ್ರದ ಗಟ್ಟಿ ದನಿಗಳಿಗೆ ಬರೆದ ಅಂಕಿಗಿಂತ ಹೆಚ್ಚು ಶಕ್ತಿ ಕೊಡುವಂತೆ ಅದರ ಪವರ್ ಸಪ್ಲೈ ರೂಪಿಸಲಾಗಿತ್ತು. ವ್ಯಾಟಿನ ಅಂಕಿಯೊಂದೇ ಗುಣಮಟ್ಟದ ಅಳತೆಯಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಕ್ಲಾಸ್ ಡಿ ವಿಧಾನದಲ್ಲಿ ಟ್ರಾನ್ಸಿಸ್ಟರುಗಳು ಸ್ವಿಚ್ಚಿನಂತೆ ಕೆಲಸ ಮಾಡುತ್ತವೆ. ಪೂರ್ತಿ ಆನ್ ಅಥವಾ ಪೂರ್ತಿ ಆಫ್, ನಡುವಿನ ಸ್ಥಿತಿಯಿಲ್ಲ. ಸೆಕೆಂಡಿಗೆ ಹಲವು ಲಕ್ಷ ಬಾರಿ ಈ ಸ್ವಿಚಿಂಗ್ ನಡೆಯುತ್ತದೆ. ದನಿಯ ಏರಿಳಿತಕ್ಕೆ ತಕ್ಕಂತೆ ಆನ್ ಇರುವ ಅವಧಿ ಹೆಚ್ಚು ಕಡಿಮೆಯಾಗುತ್ತದೆ. ಕೊನೆಯಲ್ಲಿ ಒಂದು ಕಾಯಿಲ್ ಮತ್ತು ಒಂದು ಕೆಪಾಸಿಟರ್ ಸೇರಿದ ಫಿಲ್ಟರ್ ಆ ಸ್ವಿಚಿಂಗ್ ಅಂಶವನ್ನು ಸೋಸಿ, ದನಿಯನ್ನಷ್ಟೇ ಸ್ಪೀಕರಿಗೆ ಬಿಡುತ್ತದೆ. ಸ್ವಿಚ್ಚಿನಲ್ಲಿ ಪೋಲಾಗುವ ಶಕ್ತಿ ಬಹಳ ಕಡಿಮೆ. ಪೂರ್ಣ ಶಕ್ತಿಯಲ್ಲಿ ನಡೆಯುವಾಗ ಕ್ಲಾಸ್ ಡಿ ಆಂಪ್ಲಿಫೈಯರಿನ ದಕ್ಷತೆ ಶೇ. 90ರ ಆಸುಪಾಸು ಇರುತ್ತದೆ. ಕ್ಲಾಸ್ ಎಬಿಯಲ್ಲಿ ಅದು ಸಾಮಾನ್ಯವಾಗಿ ಶೇ. 50ರಿಂದ 60. ಹಾಗಾಗಿ ಕ್ಲಾಸ್ ಡಿ ಪೆಟ್ಟಿಗೆ ಚಿಕ್ಕದು, ಹಗುರ, ತಣ್ಣಗಿರುತ್ತದೆ, ಬ್ಯಾಟರಿಯಲ್ಲಿಯೂ ನಡೆಯುತ್ತದೆ.

ಟ್ರೈಪಾತ್ ಕಂಪನಿಯ ಟಿಎ2024 ಐಸಿ ಬಳಸಿದ ಪುಟ್ಟ ಪೆಟ್ಟಿಗೆಗಳು 2000ದ ದಶಕದಲ್ಲಿ ಈ ವಿಧಾನವನ್ನು ಮನೆಮನೆಗೆ ಪರಿಚಯಿಸಿದವು. ಇಂದು ಅಗ್ಗದ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಪಿಎ3116 ಮತ್ತು ಅದರ ಬಳಗದ ಐಸಿಗಳು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿಯೂ, ಆನ್‌ಲೈನ್‌ನಲ್ಲಿಯೂ ಇವು ಸುಲಭವಾಗಿ ಸಿಗುತ್ತವೆ.

ಕ್ಲಾಸ್ ಡಿಯ ಗುಣಮಟ್ಟ ನಿಂತಿರುವುದು ಕೊನೆಯ ಫಿಲ್ಟರಿನ ಮೇಲೆ. ಖರ್ಚು ಉಳಿಸಲು ಹಾಕಿದ ಸಣ್ಣ ಕಾಯಿಲ್ ಗಟ್ಟಿ ದನಿಗೆ ತಡೆಯುವುದಿಲ್ಲ, ವಿರೂಪ ಹೆಚ್ಚುತ್ತದೆ. ಸರಳ ವಿನ್ಯಾಸಗಳಲ್ಲಿ ಇನ್ನೊಂದು ಮಿತಿಯೂ ಇದೆ. ಅಲ್ಲಿ ಐಸಿಯು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಫೀಡ್‌ಬ್ಯಾಕ್ ಸಂಕೇತವನ್ನು ಫಿಲ್ಟರಿಗೆ ಮೊದಲೇ ತೆಗೆದುಕೊಳ್ಳುತ್ತದೆ. ಆದ್ದರಿಂದ ಯಾವ ಓಮ್‌ನ ಸ್ಪೀಕರ್ ಜೋಡಿಸಿದ್ದೇವೆ ಎಂಬುದರ ಮೇಲೆ ಅತಿ ಎತ್ತರದ ಸ್ವರಗಳು ತುಸು ಏರಬಹುದು, ಇಲ್ಲವೇ ಇಳಿಯಬಹುದು. ಉತ್ತಮ ವಿನ್ಯಾಸಗಳು ಫಿಲ್ಟರಿನ ನಂತರ ಫೀಡ್‌ಬ್ಯಾಕ್ ತೆಗೆದುಕೊಂಡು ಈ ದೋಷವನ್ನು ನೀಗಿಸಿವೆ. ಪ್ರವಚನದ ಮಟ್ಟಿಗೆ ಮೊದಲ ಬಗೆಯೂ ಸಾಲುತ್ತದೆ. ತಯಾರಕರು ಹೇಳಿದ ಓಮ್‌ನ ಸ್ಪೀಕರ್ ಬಳಸಿದರೆ ಆಯಿತು.

ವ್ಯಾಟಿನ ಲೆಕ್ಕ

ಹಿಂದಿನ ಸಾಲು ಸ್ಪೀಕರಿನಿಂದ 8 ಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಸಾಧಾರಣ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 88 ಡೆಸಿಬೆಲ್ ದನಿ ಬರುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಕಡಿಮೆಯಾಗುತ್ತದೆ. 1ರಿಂದ 2, 2ರಿಂದ 4, 4ರಿಂದ 8 ಮೀಟರ್: ಮೂರು ಬಾರಿ ಇಮ್ಮಡಿ, ಒಟ್ಟು 18 ಡೆಸಿಬೆಲ್ ಇಳಿಕೆ. ಉಳಿಯುವುದು 70 ಡೆಸಿಬೆಲ್. ಎದುರು ಕುಳಿತು ಮಾತಾಡುವ ದನಿ ಸುಮಾರು 60 ಡೆಸಿಬೆಲ್ ಇರುತ್ತದೆ. ಅಂದರೆ ಒಂದೇ ವ್ಯಾಟಿನಲ್ಲಿ ಕೊನೆಯ ಸಾಲಿಗೆ ಮಾತು ಧಾರಾಳವಾಗಿ ಮುಟ್ಟುತ್ತದೆ. ಕೋಣೆಯೊಳಗೆ ಗೋಡೆಗಳ ಪ್ರತಿಫಲನ ಸೇರಿ ಇನ್ನೂ ಜೋರಾಗಿಯೇ ಕೇಳುತ್ತದೆ.

ಮಾತಿನಲ್ಲಿ ಏರಿಳಿತ ಇರುವುದರಿಂದ ಗಟ್ಟಿ ಉಚ್ಚಾರದ ಕ್ಷಣಕ್ಕೆ ಸರಾಸರಿಗಿಂತ 12ರಿಂದ 15 ಡೆಸಿಬೆಲ್ ಹೆಚ್ಚು ಬೇಕು. ಅದು 16ರಿಂದ 32 ವ್ಯಾಟ್. ಆದ್ದರಿಂದ ಪ್ರತಿ ಚಾನೆಲ್‌ಗೆ ನಿಜವಾದ 30 ವ್ಯಾಟ್ ಇರುವ ಆಂಪ್ಲಿಫೈಯರ್ ಈ ಅಳತೆಯ ಸಭೆಗೆ ಸಾಕು. 50 ವ್ಯಾಟಿನ ಬದಲು 100 ವ್ಯಾಟ್ ಕೊಂಡರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಸಣ್ಣ ವ್ಯತ್ಯಾಸ. ದನಿ ಇಮ್ಮಡಿಯಾಯಿತು ಎಂದು ಕಿವಿಗೆ ಅನಿಸಬೇಕಾದರೆ ವ್ಯಾಟ್ ಹತ್ತು ಪಟ್ಟು ಆಗಬೇಕು.

"ನಿಜವಾದ" ಎಂದು ಹೇಳಲು ಕಾರಣವಿದೆ. ಡಬ್ಬಿಯ ಮೇಲೆ "2000 ವ್ಯಾಟ್ ಪಿಎಂಪಿಒ" ಎಂದು ಬರೆದಿದ್ದರೆ ಆ ಅಂಕಿಗೆ ಬೆಲೆ ಇಲ್ಲ. ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅದರ ಜೊತೆ ಎಷ್ಟು ಓಮ್‌ಗೆ, ಎಷ್ಟು ವಿರೂಪಕ್ಕೆ ಎಂಬ ವಿವರ. ಶೇ. 10 ವಿರೂಪದಲ್ಲಿ ಅಳೆದ ವ್ಯಾಟ್ ಕೇಳಲು ಯೋಗ್ಯವಲ್ಲ. ಶೇ. 1 ಅಥವಾ ಅದಕ್ಕಿಂತ ಕಡಿಮೆ ವಿರೂಪದಲ್ಲಿ ಅಳೆದದ್ದನ್ನೇ ನಂಬಬೇಕು.

ಅಡಾಪ್ಟರ್‌ನಿಂದ ನಡೆಯುವ ಕ್ಲಾಸ್ ಡಿ ಪೆಟ್ಟಿಗೆಗಳಿಗೆ ಮನೆಯಲ್ಲಿಯೇ ಮಾಡಬಹುದಾದ ಲೆಕ್ಕವೊಂದಿದೆ. ವೋಲ್ಟೇಜನ್ನು ಅದೇ ಸಂಖ್ಯೆಯಿಂದ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿದರೆ ಒಂದು ಚಾನೆಲ್‌ನ ಗರಿಷ್ಠ ವ್ಯಾಟ್ ಸಿಗುತ್ತದೆ. 24 ವೋಲ್ಟ್, 8 ಓಮ್ ಆದರೆ 576 ಭಾಗಿಸು 16, ಅಂದರೆ 36 ವ್ಯಾಟ್. 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ 9 ವ್ಯಾಟ್. ಇನ್ನು ಅಡಾಪ್ಟರ್ ಮೇಲೆ 24 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಅದು ಕೊಡಬಲ್ಲದ್ದು ಒಟ್ಟು 48 ವ್ಯಾಟ್. ಅಂತಹ ಅಡಾಪ್ಟರ್ ಜೊತೆಗೆ ಬರುವ ಪೆಟ್ಟಿಗೆಯ ಮೇಲೆ "100+100 ವ್ಯಾಟ್" ಎಂದು ಬರೆದಿದ್ದರೆ ಆ ಬರಹವನ್ನು ನಂಬಬೇಕಾಗಿಲ್ಲ. 24 ವೋಲ್ಟ್, 4ರಿಂದ 5 ಆಂಪಿಯರ್ ಅಡಾಪ್ಟರ್ ಇದ್ದರೆ ನಮ್ಮ ಕೆಲಸಕ್ಕೆ ತಕ್ಕದ್ದು.

ಅಕ್ಷರಗಳು ಎಲ್ಲಿ ಕಳೆದುಹೋಗುತ್ತವೆ?

ಮಾತಿನ ಶಕ್ತಿಯ ಬಹುಪಾಲು ಸ್ವರಗಳಲ್ಲಿದೆ, ಅವು ಕೆಳಗಿನ ಆವೃತ್ತಿಗಳಲ್ಲಿರುತ್ತವೆ. ಅರ್ಥವನ್ನು ಹೊರುವ ವ್ಯಂಜನಗಳ ಗುರುತು ಹೆಚ್ಚಾಗಿ 2,000 ಹರ್ಟ್ಜ್‌ಗಿಂತ ಮೇಲೆ ಇರುತ್ತದೆ. "ಸ" ಮತ್ತು "ಶ"ಗಳ ವ್ಯತ್ಯಾಸ ತಿಳಿಯಬೇಕಾದರೆ 5,000 ಹರ್ಟ್ಜ್‌ವರೆಗೆ ಮತ್ತು ಅದರಾಚೆಗೂ ದನಿ ಸ್ವಚ್ಛವಾಗಿ ಬರಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಆವೃತ್ತಿಗಳನ್ನೇ. ಹಿರಿಯರು "ದನಿ ಕೇಳಿಸ್ತದೆ, ಮಾತು ತಿಳಿಯೋದಿಲ್ಲ" ಎನ್ನುವುದರ ಕಾರಣ ಇದು. ಪ್ರಾಕೃತ, ಸಂಸ್ಕೃತ ಪಾಠಗಳನ್ನು ಹೇಳಿಕೊಡುವಾಗ ಇದರ ತೊಡಕು ಇನ್ನೂ ಹೆಚ್ಚು. ಅಲ್ಪಪ್ರಾಣ, ಮಹಾಪ್ರಾಣಗಳ ಭೇದ ಕೇಳಿಸದಿದ್ದರೆ ಮಕ್ಕಳು ತಪ್ಪು ಉಚ್ಚಾರವನ್ನೇ ಕಲಿಯುತ್ತಾರೆ.

ಆದ್ದರಿಂದ ಬಾಸ್ ಗುಂಡಿಯನ್ನು ಪ್ರವಚನದ ಹೊತ್ತಿನಲ್ಲಿ ಕಡಿಮೆ ಮಾಡುವುದು ಒಳ್ಳೆಯದು. ಮಿಕ್ಸರಿನಲ್ಲಿ "ಲೋ ಕಟ್" ಎಂಬ ಗುಂಡಿ ಇದ್ದರೆ ಅದನ್ನು ಒತ್ತಿಡಬೇಕು. ಮೆರವಣಿಗೆಗೆ ಬಳಸುವ ತಗಡಿನ ಕೊಳವೆ ಸ್ಪೀಕರುಗಳನ್ನು ಕೋಣೆಯೊಳಗೆ ಹಾಕಬಾರದು. ಅವು ದೂರಕ್ಕೆ ಸದ್ದು ಮುಟ್ಟಿಸಲು ಮಾಡಿದವು, ಮೇಲಿನ ಸೂಕ್ಷ್ಮ ದನಿಗಳಿಗಲ್ಲ.

ತಂತಿಯ ಬಗ್ಗೆಯೂ ಗಮನ ಬೇಕು. 1.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ಪ್ರತಿರೋಧ ಇರುತ್ತದೆ. 20 ಮೀಟರ್ ದೂರದ ಸ್ಪೀಕರಿಗೆ ಹೋಗಿ ಬರಲು 40 ಮೀಟರ್, ಅಂದರೆ ಸುಮಾರು ಅರ್ಧ ಓಮ್. 8 ಓಮ್ ಸ್ಪೀಕರಿಗೆ ಇದು ನಡೆಯುತ್ತದೆ. ತೆಳುವಾದ ಗಂಟೆ ತಂತಿ ಬಳಸಿದರೆ ಆಂಪ್ಲಿಫೈಯರಿನ ಶಕ್ತಿಯ ಒಳ್ಳೆಯ ಪಾಲು ತಂತಿಯಲ್ಲೇ ಕಳೆದುಹೋಗುತ್ತದೆ.

ಜೋಡಿಸುವಾಗ ಎಚ್ಚರ

ಮೊದಲನೆಯದು: ಸಣ್ಣ ಸ್ಟೀರಿಯೊ ಆಂಪ್ಲಿಫೈಯರಿಗೆ ಮೈಕನ್ನು ನೇರವಾಗಿ ಸೇರಿಸಲು ಆಗುವುದಿಲ್ಲ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಮೊದಲು ಎತ್ತಿಕೊಡಲು ನಾಲ್ಕು ಚಾನೆಲ್‌ನ ಪುಟ್ಟ ಮಿಕ್ಸರ್ ಬೇಕು. ಮಿಕ್ಸರಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ತಂತಿಯಲ್ಲಿ ಮೈಕ್ ಜೋಡಿಸಿದರೆ ದಾರಿಯಲ್ಲಿ ಸೇರುವ ಗುಂಗು ಬಹುಪಾಲು ತಾನಾಗಿ ಅಳಿದುಹೋಗುತ್ತದೆ. ಸಮಿತಿಗಳು ಆಂಪ್ಲಿಫೈಯರಿಗೆ ಹಣ ಸುರಿದು ಮೈಕ್ ಮತ್ತು ಮಿಕ್ಸರಿನಲ್ಲಿ ಉಳಿಸಲು ನೋಡುವುದುಂಟು. ಮಾತಿನ ಸ್ಪಷ್ಟತೆಯ ದೃಷ್ಟಿಯಿಂದ ಇದು ತಿರುವುಮುರುವು.

ಎರಡನೆಯದು: ಟಿಪಿಎ3116ನಂತಹ ಕ್ಲಾಸ್ ಡಿ ಐಸಿಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಸಂಕೇತ ಇರುತ್ತದೆ, ಕಪ್ಪು ತಂತಿ ಅರ್ಥ್ ಅಲ್ಲ. ಹಳೆಯ ರೂಢಿಯಂತೆ ಎಡ, ಬಲ ಸ್ಪೀಕರುಗಳ ಕಪ್ಪು ತಂತಿಗಳನ್ನು ಒಟ್ಟಿಗೆ ಸುತ್ತಿ ಒಂದೇ ತಂತಿ ಎಳೆದರೆ ಆಂಪ್ಲಿಫೈಯರ್ ನಿಂತುಹೋಗಬಹುದು ಅಥವಾ ಸುಟ್ಟುಹೋಗಬಹುದು. ಪ್ರತಿ ಸ್ಪೀಕರಿಗೂ ಪ್ರತ್ಯೇಕ ಎರಡೆಳೆ ತಂತಿ ಎಳೆಯಬೇಕು.

ಮೂರನೆಯದು: ಸಂಗೀತಕ್ಕೆ ಸ್ಟೀರಿಯೊ ಸರಿ, ಪ್ರವಚನಕ್ಕೆ ಎರಡೂ ಸ್ಪೀಕರಿನಲ್ಲಿ ಒಂದೇ ಮಾತು ಬರಬೇಕು. ಮಿಕ್ಸರಿನಲ್ಲಿ "ಪ್ಯಾನ್" ಗುಂಡಿ ನಡುವೆ ಇದ್ದರೆ ಹಾಗೆಯೇ ಆಗುತ್ತದೆ. ಇಲ್ಲವಾದರೆ ಒಂದು ಬದಿ ಕುಳಿತ ಶ್ರಾವಕಿಯರಿಗೆ ಅರ್ಧ ಪ್ರವಚನ ತಪ್ಪುತ್ತದೆ.

ನಾಲ್ಕನೆಯದು: ಸ್ಪೀಕರುಗಳು ಮೈಕಿಗಿಂತ ಮುಂದೆ, ಕೇಳುಗರತ್ತ ಮುಖ ಮಾಡಿ ಇರಬೇಕು. ಕುಳಿತವರ ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಹಿಂದಿನ ಸಾಲಿನ ಕಡೆ ತುಸು ಬಾಗಿರಬೇಕು. ಮೈಕಿಗೆ ಸ್ಪೀಕರಿನ ದನಿ ಮತ್ತೆ ಹೊಕ್ಕರೆ "ಕೂಂ" ಎಂಬ ಕೂಗು ಹುಟ್ಟುತ್ತದೆ. ವಾಲ್ಯೂಮ್ ಏರಿಸುವ ಮೊದಲು ಮೈಕನ್ನು ಬಾಯಿಗೆ ಹತ್ತಿರ ತರಬೇಕು. ಬಾಯಿಯಿಂದ ಮೈಕಿನ ದೂರ ಅರ್ಧವಾದರೆ ಮಾತು 6 ಡೆಸಿಬೆಲ್ ಹೆಚ್ಚುತ್ತದೆ, ಖರ್ಚಿಲ್ಲದೆ.

ಕೋಣೆಯೇ ಅರ್ಧ ಆಂಪ್ಲಿಫೈಯರ್

ತತ್ತ್ವಾರ್ಥಸೂತ್ರದ 5ನೇ ಅಧ್ಯಾಯದ 24ನೇ ಸೂತ್ರವು ಶಬ್ದವನ್ನು ಪುದ್ಗಲದ ಪರ್ಯಾಯಗಳಲ್ಲಿ ಎಣಿಸುತ್ತದೆ. ಶಬ್ದವು ಆಕಾಶದ ಗುಣ ಎಂಬ ನ್ಯಾಯ, ವೈಶೇಷಿಕರ ಮತವನ್ನು ಜೈನಾಚಾರ್ಯರು ಒಪ್ಪಲಿಲ್ಲ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಶಬ್ದವನ್ನು ಭಾಷಾತ್ಮಕ, ಅಭಾಷಾತ್ಮಕ ಎಂದು ವಿಂಗಡಿಸಿ, ವಾದ್ಯಗಳ ದನಿಯನ್ನು ತತ, ವಿತತ, ಘನ, ಸೌಷಿರ ಎಂದು ಬಿಡಿಸಿದೆ. ಇಂದಿನ ಭೌತಶಾಸ್ತ್ರ ಶಬ್ದವನ್ನು ಗಾಳಿಯ ಒತ್ತಡದ ಅಲೆ ಎನ್ನುತ್ತದೆ. ಎರಡೂ ಒಂದೇ ಎಂದು ಹೇಳುವ ಅಗತ್ಯವಿಲ್ಲ. ಶಬ್ದ ಅಡ್ಡಿಗೆ ತಾಗುತ್ತದೆ, ತಡೆಯಲ್ಪಡುತ್ತದೆ ಎಂಬ ಅನುಭವವಂತೂ ಎಲ್ಲರದೂ ಹೌದು. ಸಭಾಂಗಣದ ಸಮಸ್ಯೆಯೂ ಅದೇ.

12 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರದ ಭವನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಗಾತ್ರ 384 ಘನ ಮೀಟರ್. ನೆಲ, ಗೋಡೆ, ಚಾವಣಿ ಸೇರಿ 352 ಚದರ ಮೀಟರ್. ಕಲ್ಲು, ಗಾರೆಗಳು ತಾಗಿದ ದನಿಯಲ್ಲಿ ಸುಮಾರು ಶೇ. 3ರಷ್ಟನ್ನು ಮಾತ್ರ ಹೀರುತ್ತವೆ. ಸೇಬೈನ್ ಸೂತ್ರದಂತೆ ಲೆಕ್ಕ ಹಾಕಿದರೆ ಖಾಲಿ ಭವನದಲ್ಲಿ ಒಂದು ಸದ್ದು ಅಡಗಲು 6 ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಅಷ್ಟರಲ್ಲಿ ಪ್ರವಚನಕಾರರು ಹತ್ತು, ಹನ್ನೆರಡು ಪದ ಆಡಿರುತ್ತಾರೆ. ಪ್ರತಿ ಪದವೂ ಹಿಂದಿನ ಪದಗಳ ಉಳಿಕೆಯ ಮೇಲೆ ಬೀಳುತ್ತದೆ.

60 ಜನ ಕುಳಿತರೆ ಅವರ ಬಟ್ಟೆ, ಮೈ ದನಿಯನ್ನು ಹೀರಿ ಈ ಅವಧಿ ಸುಮಾರು ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಹಿಂದಿನ ಗೋಡೆ ಮತ್ತು ಪಕ್ಕದ ಗೋಡೆಗಳಿಗೆ 40 ಚದರ ಮೀಟರಿನಷ್ಟು ದಪ್ಪ ಪರದೆಯನ್ನು ನೆರಿಗೆ ಬರುವಂತೆ ಇಳಿಬಿಟ್ಟರೆ 1 ಸೆಕೆಂಡಿಗೆ ಬರುತ್ತದೆ. ಮಾತಿಗೆ ಅದು ಒಪ್ಪುವ ಅಳತೆ. ಜಮಖಾನೆ ಹಾಸುವುದರಿಂದ ಇನ್ನೂ ಸ್ವಲ್ಪ ಪ್ರಯೋಜನವಿದೆ. ಈ ಕೆಲಸವನ್ನು ಯಾವ ಆಂಪ್ಲಿಫೈಯರೂ ಮಾಡಲಾರದು. ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಗುಂಗೂ ಅಷ್ಟೇ ಏರುತ್ತದೆ. ದೊಡ್ಡ ಆಂಪ್ಲಿಫೈಯರ್ ಕೊಂಡರೂ ಹಿಂದಿನ ಸಾಲಿನ ದೂರು ನಿಲ್ಲದಿರುವುದು ಇದರಿಂದಲೇ.

ಗರ್ಭಗೃಹ, ನವರಂಗಗಳಂತಹ ಪ್ರಾಚೀನ ಭಾಗಗಳಲ್ಲಿ ಪರದೆ ಹೊಡೆಯಲು ಮೊಳೆ ಬಡಿಯುವುದು, ಸ್ಪೀಕರಿಗಾಗಿ ಕಂಬ ಕೊರೆಯುವುದು ಸಲ್ಲದು. ಅಲ್ಲಿ ಸ್ಟ್ಯಾಂಡ್ ಮೇಲೆ ಸ್ಪೀಕರ್ ಇಟ್ಟು, ಕೇಳುಗರನ್ನು ಹತ್ತಿರ ಕೂಡಿಸುವುದೇ ಸರಿಯಾದ ದಾರಿ.

ಮೈಕ್ ಬಳಸದ ಪರಂಪರೆ

ದಿಗಂಬರ ತ್ಯಾಗಿಗಳ ಪ್ರವಚನಗಳಲ್ಲಿ ಮೈಕ್ ಇಂದು ಸಾಮಾನ್ಯ. ಸ್ಥಾನಕವಾಸಿ ಪರಂಪರೆಯ ಹಲವು ಸಂಘಗಳಲ್ಲಿ ಸಾಧು, ಸಾಧ್ವಿಯರು ಧ್ವನಿವರ್ಧಕ ಬಳಸುವುದಿಲ್ಲ. ವಿದ್ಯುತ್ತನ್ನು ತೇಜಸ್ಕಾಯ ಜೀವಗಳೊಂದಿಗೆ ಸಂಬಂಧಿಸಿದ್ದೆಂದು ಕಂಡು, ಅದರ ವಿರಾಧನೆ ತಮ್ಮಿಂದ ಆಗಬಾರದು ಎಂಬುದು ಅವರ ನಿಲುವು. ಈ ವಿಷಯದಲ್ಲಿ ಸಂಘ ಸಂಘಗಳ ನಡುವೆ ಭಿನ್ನ ಅಭಿಪ್ರಾಯಗಳಿವೆ. ಊರಿಗೆ ಬರುವ ಪೂಜ್ಯರ ಮರ್ಯಾದೆ ಏನೆಂದು ಮೊದಲೇ ಕೇಳಿ ತಿಳಿದುಕೊಳ್ಳುವುದು ಶ್ರಾವಕರ ಕರ್ತವ್ಯ. ವೇದಿಕೆಯ ಮೇಲೆ ಮೈಕ್ ಇಟ್ಟು ಅವರನ್ನು ಇಕ್ಕಟ್ಟಿಗೆ ಸಿಲುಕಿಸಬಾರದು.

ಮೈಕ್ ಇಲ್ಲದ ಸಭೆಗೆ ಮೇಲೆ ಹೇಳಿದ ಪರದೆ, ಜಮಖಾನೆ, ಹತ್ತಿರದ ಆಸನ ವ್ಯವಸ್ಥೆ ಇವೇ ಧ್ವನಿವರ್ಧಕ. ಫ್ಯಾನುಗಳನ್ನು ನಿಲ್ಲಿಸಿದರೆ ಇನ್ನೂ ಅನುಕೂಲ. ಹೀಗೆ ಭವನವನ್ನು ಸರಿಪಡಿಸಲು ಮಾಡಿದ ಖರ್ಚು ಎರಡೂ ಬಗೆಯ ಸಭೆಗೆ ಉಪಯೋಗಕ್ಕೆ ಬರುತ್ತದೆ.

ಗೃಹಸ್ಥರ ಬಳಕೆಯಲ್ಲಿಯೂ ಯತ್ನಾಚಾರಕ್ಕೆ ಜಾಗವಿದೆ. ಬೆಚ್ಚಗಿರುವ, ಗಾಳಿಕಿಂಡಿಗಳಿರುವ ಪೆಟ್ಟಿಗೆಗಳೊಳಗೆ ಇರುವೆ, ಜಿರಲೆ, ಹಲ್ಲಿಮರಿಗಳು ಸೇರಿಕೊಳ್ಳುತ್ತವೆ. ತಣ್ಣಗಿರುವ ಕ್ಲಾಸ್ ಡಿ ಪೆಟ್ಟಿಗೆಗೆ ದೊಡ್ಡ ಕಿಂಡಿಗಳು ಬೇಕಿಲ್ಲ. ಯಾವುದೇ ಇರಲಿ, ಬಳಸದ ದಿನಗಳಲ್ಲಿ ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟು, ಸ್ವಿಚ್ ಹಾಕುವ ಮೊದಲು ಹಿಂದೆ, ಕೆಳಗೆ ಮೃದುವಾಗಿ ಪರಿಶೋಧಿಸಿ ನೋಡಬೇಕು.

ನೆರೆಹೊರೆಯವರ ಬಗ್ಗೆಯೂ ಯೋಚಿಸಬೇಕು. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕಕ್ಕೆ ಸಂಬಂಧಿಸಿದ ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ, ಮುಚ್ಚಿದ ಸಭಾಂಗಣಗಳ ಒಳಗಿನ ಬಳಕೆಯಂತಹ ವಿನಾಯಿತಿಗಳನ್ನು ಬಿಟ್ಟು, ಬಳಸುವಂತಿಲ್ಲ. ಭವನದ ಒಳಗೆ ಮಾತು ಸ್ಪಷ್ಟವಾಗಿ, ಹೊರಗೆ ಸದ್ದಿಲ್ಲದೆ ನಡೆಯುವ ಸಭೆಗೆ ಸಣ್ಣ ಆಂಪ್ಲಿಫೈಯರ್ ತಾನಾಗಿಯೇ ಹೊಂದುತ್ತದೆ.

ಕೊಳ್ಳುವ ಮೊದಲು ಪರೀಕ್ಷೆ

ಅಂಗಡಿಯಲ್ಲಿ ಜೋರಾದ ಹಾಡು ಕೇಳಿ ಆಂಪ್ಲಿಫೈಯರ್ ಆರಿಸಬಾರದು. ಸಾಧ್ಯವಾದರೆ ಒಂದು ದಿನದ ಮಟ್ಟಿಗೆ ತಂದು ಭವನದಲ್ಲಿಯೇ ಹೀಗೆ ಪರೀಕ್ಷಿಸಬೇಕು.

1. ಯಾವ ಸಂಕೇತವನ್ನೂ ಕೊಡದೆ ವಾಲ್ಯೂಮ್ ಪೂರ್ತಿ ಏರಿಸಿ. 1 ಮೀಟರ್ ದೂರದಲ್ಲಿ ಹಿಸ್ ಅಥವಾ ಹಮ್ ಕೇಳಿಸಬಾರದು. ಗುಂಡಿ ತಿರುಗಿಸುವಾಗ ಕರಕರ ಸದ್ದು ಬರಬಾರದು.

2. ವಾಲ್ಯೂಮ್ ಬಹಳ ಕಡಿಮೆ ಇಟ್ಟು ಎಡ, ಬಲ ಎರಡೂ ಸಮವಾಗಿ ಕೇಳುತ್ತವೆಯೇ ನೋಡಿ. ಅಗ್ಗದ ವಾಲ್ಯೂಮ್ ಕಂಟ್ರೋಲುಗಳು ಇಲ್ಲಿಯೇ ಸೋಲುತ್ತವೆ.

3. ಎರಡು ಗಂಟೆ ಸತತವಾಗಿ ನಡೆಸಿ ಪೆಟ್ಟಿಗೆ ಮತ್ತು ಅಡಾಪ್ಟರನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇಡ.

4. ಪವರ್ ಆನ್, ಆಫ್ ಮಾಡುವಾಗ "ಢಬ್" ಎಂದು ದೊಡ್ಡ ಸದ್ದು ಬರುತ್ತದೆಯೇ ಗಮನಿಸಿ. ಅದು ಸ್ಪೀಕರಿಗೆ ಒಳ್ಳೆಯದಲ್ಲ.

5. ಊರಿನ ಇನ್ವರ್ಟರ್ ಅಥವಾ ಬ್ಯಾಟರಿಯ ಮೇಲೆ ನಡೆಸಿ ನೋಡಿ. ಕರೆಂಟ್ ಹೋದ ಹೊತ್ತಿನಲ್ಲಿ ಗುಂಗು ಸೇರದಿದ್ದರೆ ಸರಿ.

6. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಒಬ್ಬರು ಮೈಕಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ 20 ಪದಗಳನ್ನು ಓದಲಿ: ಶಾಲೆ, ಸಾಲೆ, ಕಾಲ, ಖಾಲಿ, ದಾನ, ಧಾನ್ಯ, ಪಲ, ಫಲ ಹೀಗೆ. ಹಿಂದಿನ ಸಾಲಿನಲ್ಲಿ ಸಮಾಜದ ಹಿರಿಯರು ನಾಲ್ವರನ್ನು ಕೂಡಿಸಿ, ಕೇಳಿದ್ದನ್ನು ಬರೆದುಕೊಳ್ಳಲು ಹೇಳಿ. ಬರೆಯಲು ಕಷ್ಟವಾದವರ ಪಕ್ಕ ಒಬ್ಬ ಹುಡುಗನನ್ನು ಕೂರಿಸಿ, ಅವರು ಹೇಳಿದ್ದನ್ನೇ ಬರೆಯಲಿ. ಸರಿಯಾದ ಪದಗಳನ್ನು ಎಣಿಸಿ. ಆಮೇಲೆ ಸ್ಪೀಕರಿನ ಜಾಗ ಬದಲಿಸಿ, ಪರದೆ ಇಳಿಸಿ, ಬಾಸ್ ಕಡಿಮೆ ಮಾಡಿ, ಬೇರೆ ಪದಗಳೊಂದಿಗೆ ಮತ್ತೊಮ್ಮೆ ಮಾಡಿ. ಯಾವ ಜೋಡಣೆಯಲ್ಲಿ ಅಂಕ ಹೆಚ್ಚೋ ಅದನ್ನೇ ಉಳಿಸಿಕೊಳ್ಳಿ.

ಈ ಪರೀಕ್ಷೆಗೆ ಒಂದು ಸಂಜೆ ಸಾಕು, ಖರ್ಚೂ ಇಲ್ಲ. ಪರದೆಗೆ, ಮೈಕಿಗೆ, ಮಿಕ್ಸರಿಗೆ, ಸ್ಪೀಕರಿಗೆ, ಕೊನೆಯಲ್ಲಿ ಆಂಪ್ಲಿಫೈಯರಿಗೆ ಎಂಬ ಕ್ರಮದಲ್ಲಿ ಸಮಿತಿಯವರು ಹಣ ವಿನಿಯೋಗಿಸಿದರೆ ದಾನಿಗಳ ದ್ರವ್ಯ ಸಾರ್ಥಕವಾಗುತ್ತದೆ. ಮುಂದಿನ ದಶಲಕ್ಷಣ ಪರ್ವದ ಹೊತ್ತಿಗೆ ಹಿಂದಿನ ಸಾಲಿನ ಅಜ್ಜ, ಅಜ್ಜಿಯರಿಗೂ ಪ್ರವಚನದ ಮಾತು ತಿಳಿಯುತ್ತದೆ.